ಪಾವು ಗುಳಿಗಿ

ತೊಗರಿ ಒಡಿಯೋ ಊರು ನಮ್ಮದು.
ಕಪನೂರಿನ ಮಿಲ್ಲಿನಾಗ ದಿನಾ ನೂರಾರು ಚೀಲ
ಎರಡೆರಡು ಹೋಳಾಗಿ ಬೀಳ್ತಾವ,
ತೂಕದ ಕಟ್ಟಿ ಮ್ಯಾಲ ಕುಂತು ನಾನು ಬರಕೋತೀನಿ.
ಮುಂಜಾನೆ ಮನ್ಯಾಗ ನಂದೊಂದು ಸಣ್ಣ ಮಿಲ್ಲು:
ಅರ್ಧ ಬ್ಲೇಡು, ಉಲ್ಟಾ ಮಾಡಿದ ಸ್ಟೀಲಿನ ತಾಟು,
ವಟಾಣಿಗಿಂತ ಸಣ್ಣ ಗುಳಿಗಿ.
ನಾಕು ಪಾವು.
ಒಂದು ಬಾಯಾಗ, ಮೂರು ಡಬ್ಬ್ಯಾಗ.
ಹನ್ನೊಂದು ವರ್ಷ ಆಯ್ತು.

ಗುಳಿಗಿ ನಂದಲ್ಲ, ಅಪ್ಪಂದು.
ರಾತ್ರಿ ಐದು ಸಲ ಎದ್ದು ಬಚ್ಚಲಿಗಿ ಹೋಗತಿದ್ದ
ಭೀಮಶಾ ಅನ್ನವರಿಗಿ ಬರದ ಚೀಟಿ ಅದು.
ಚರ್ಮದ ಡಾಕ್ಟರು ನಕ್ಕೋತ ಹೇಳಿದ್ರು:
"ಔಷಧ ಒಂದೇ. ಅವರಿಗಿ ಇಡೀದು, ನಿನಗ ಚೂರು."
ಒಂದೇ ರಸ ಅಂತ, ಮ್ಯಾಲ ಏರಿದ್ರ ಬೇರು ಒಣಗಸ್ತದ,
ಕೆಳಗ ಇಳದ್ರ ದಾರಿ ಕಟ್ತದ.
ಅಪ್ಪ ಕೊಟ್ಟ ಆಸ್ತಿ ಅದೊಂದೇ.
ಬೀಗ ಹಾಕೋ ಕೆಲಸ ಮಾತ್ರ
ಇಬ್ಬರಿಗೂ ಕೂಡೇ ಬಂತು.

ತಿಂಗಳಿಗಿ ಎಂಟು ಗುಳಿಗಿ ಹೆಚ್ಚು ತರತಿದ್ದೆ,
ಅವನ ಹೆಸರಲೇ. ಅವಗ ಗೊತ್ತಿಲ್ಲ
ಅಂತ ತಿಳಕೊಂಡಿದ್ದೆ.

ಮೊದಲ ಮೂರು ತಿಂಗಳು ಇನ್ನಷ್ಟು ಉದುರಿದ್ವು.
ತಲದಿಂಬಿನ ಮ್ಯಾಲ, ರೊಟ್ಟಿ ಮ್ಯಾಲ, ಮಿಲ್ಲಿನ ಪಾವತಿ ಬುಕ್ಕಿನ ನಡುವ.
ಎರಡನೇ ವರ್ಷ ಹಣಿ ಮ್ಯಾಲ ಮೆತ್ತಗ ಏನೋ ಕೈಗಿ ಹತ್ತಿತು.
ಐದನೇ ವರ್ಷ ನಿಂತಾವ ಅಂದೆ, ಜೋರಾಗಿ ಅನಲಿಲ್ಲ.
ಒಂಬತ್ತನೇ ವರ್ಷ, ಲಿಫ್ಟಿನ ಕನ್ನಡಿಯಾಗ, ಬಲ್ಬಿನ ಕೆಳಗ,
ನೆತ್ತಿ ಮೆಲ್ಲಗ ಕಣ್ಣು ಬಿಟ್ಟಂಗಾಯ್ತು.
ಲಾಡ್ಲೆಸಾಬ ಹಿಂದ ಕನ್ನಡಿ ಹಿಡದು
ಪ್ರತಿ ಸಲ ಅದೇ ಮಾತು:
"ಹೋದ ವರ್ಷದಷ್ಟೇ ಅದ ನೋಡ್ರಿ."
ಹಂಗಾದ್ರ ಹನ್ನೊಂದು ವರ್ಷದ ಹಿಂದಿನಷ್ಟೇ
ಇರಬೇಕಲ್ಲೋ ಮಾರಾಯಾ?
ಅವ ಬಟ್ಟಿ ಝಾಡಿಸಿದ.

ಬಂದದ್ದು ಎಣಸಬ್ಯಾಡ, ಅಂದ್ರು ಡಾಕ್ಟರು,
ಹೋಗದೇ ಉಳದದ್ದು ಎಣಸು.
ಬರೋ ಗಾಡಿ, ಹೋಗೋ ಗಾಡಿ, ಎರಡೂ ತೂಗಿ ಬಲ್ಲೆ.
ಹೋಗದೇ ಉಳದದ್ದಕ್ಕ
ನಮ್ಮಲ್ಲಿ ಪಾವತಿ ಹರಿಯಂಗಿಲ್ಲ.
ಇದ್ದದ್ದೊಂದೇ ಲೆಕ್ಕ, ತಮ್ಮ ಅಣವೀರ.
ನನಗಿಂತ ಎರಡು ವರ್ಷ ಸಣ್ಣಾವ, ಒಂದು ಚೂರೂ ನುಂಗಿದವನಲ್ಲ,
ಮೇ ತಿಂಗಳ ಬಿಸಲಿಗಿ ತಲಿಗಿ ಟವೆಲ್ ಸುತ್ತಿ
ಸ್ಟೇಷನ್ ತುಂಬ ಕೇಳೋಹಂಗ ನಗತಾನ.
ಅವನ ಟವೆಲ್ ಜಾರಿದಾಗಷ್ಟೇ
ನನ್ನ ಕೂದಲ ನನಗ ಕಾಣ್ತಾವ.

ಬೆಲಿ ಕೇಳಬ್ಯಾಡ್ರಿ. ಗುಳಿಗಿ ಸೋವಿ.
ಮಹಾನಂದಾ ಬಸುರಿದ್ದಾಗ
ಒಡದ ಗುಳಿಗಿಯ ಪುಡಿ ಆಕಿ ಮುಟ್ಟಬಾರದು ಅಂದಿದ್ರು.
ತಾಟು ಮೂರು ಸಲ ತೊಳದು, ಬ್ಲೇಡು ಕಾಗದದಾಗ ಸುತ್ತಿ
ಅಲಮಾರಿನ ನೆತ್ತಿಗಿ ಇಟ್ಟೆ.
"ನಿನ್ನ ತಲಿ ಸಲುವಾಗಿ ನನ್ನ ಹೊಟ್ಟಿ ಅಂಜಬೇಕೇನು?" ಅಂದಳು.
ಉತ್ತರ ಬರಲಿಲ್ಲ. ಬಿಡಲೂ ಇಲ್ಲ.
ಕೆಲವು ರಾತ್ರಿ ಸುಮ್ಮನ ಗ್ವಾಡಿ ಕಡೆ ಹೊರಳೀನಿ,
ಅದು ಗುಳಿಗಿಯೋ, ಮಿಲ್ಲಿನ ದಣಿವೋ,
ಆಕಿ ಕೇಳಲಿಲ್ಲ, ನಾ ಹೇಳಲಿಲ್ಲ.

ಹೋದ ಚಳಿಗಾಲ ಅಪ್ಪಗ ಆಪರೇಷನ್ ಆಯ್ತು.
ಇನ್ನ ಆ ಗುಳಿಗಿ ಬ್ಯಾಡ ಅಂದ್ರು.
ಮನಿಗಿ ಬಂದ ಮೂರನೇ ದಿನ
ಮಂಚದ ಮ್ಯಾಲಿಂದ ಪಟ್ಟಿ ನನ್ನ ಕೈಯಾಗಿಟ್ಟ.
"ಏಳು ಉಳದಾವ.
ನಿನಗ ಇಪ್ಪತ್ತೆಂಟು ದಿನ ಆಗ್ತಾವ."
ಮುಖ ನೋಡಲಿಲ್ಲ. ಫ್ಯಾನಿನ ಸ್ಪೀಡು ಕಡಿಮಿ ಮಾಡು ಅಂದ.

ಇಪ್ಪತ್ತೊಂಬತ್ತನೇ ದಿನ ಸೂಪರ್ ಮಾರ್ಕೆಟಿನ ಮೆಡಿಕಲ್ಲು.
ಜಗದೇವಪ್ಪ ಪಟ್ಟಿ ಕತ್ತರಿಸಿಕೋತ ಕೇಳಿದ:
"ಅಪ್ಪಾವರಿಗಿ ಇನ್ನೂ ತ್ರಾಸ ಅದೇನು?"
"ಹೂಂ," ಅಂದೆ, "ಸ್ವಲ್ಪ."
ಹೊರಗ ಸ್ಕೂಟರ್ ಮ್ಯಾಲ ಅಪ್ಪ,
ಇಡೀ ರಾತ್ರಿ ನಿದ್ದಿ ಮಾಡಿದವರ ಮುಖ,
ಬೋಳು ತಲಿಗಿ ದಸ್ತಿ ಹೊಂದಿಸಿಕೊಂಡು
ಬೇವಿನ ನೆರಳಿನಾಗ ಅರ್ಧ
ನನಗಂತ ಬಿಟ್ಟು ಕುಂತಿದ್ದ.